ಸಹಾಯ ಬೇಕು: ಸುಮ್ನೆ ನಿಂತ ಜೆಸಿಬಿಯ ಸವಕಳಿ ಯಾವ ಲೆಕ್ಕಕ್ಕೆ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಕಟ್ಟಡ ನಿರ್ಮಾಣ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ.

ಆದಾಯ ತೆರಿಗೆಯ ಲೆಕ್ಕದಲ್ಲಿ ತೊಂದರೆ ಇಲ್ಲ. ಸವಕಳಿ (ಆಸ್ತಿಯ ಬೆಲೆ ವರ್ಷ ವರ್ಷ ಇಳಿಯುವುದಕ್ಕೆ ಹಿಡಿಯುವ ಖರ್ಚು) ಆಫೀಸ್ ಕಟ್ಟಡಕ್ಕೆ 10%, ಯಂತ್ರಗಳಿಗೆ 15%. ಡಿಸೆಂಬರಿನಲ್ಲಿ ತಂದ ಮಿಕ್ಸರ್ ಮಾರ್ಚ್ ಒಳಗೆ 180 ದಿನ ಆಗದ ಕಾರಣ ಅರ್ಧ, ಅಂದರೆ 7.5%. ಕಂಪನಿ ಕಾಯ್ದೆಯ ಎರಡನೇ ಶೆಡ್ಯೂಲ್ ಪ್ರಕಾರ ಜೆಸಿಬಿಗೆ 9 ವರ್ಷ, ಸೈಟಿನ ತಾತ್ಕಾಲಿಕ ಶೆಡ್‌ಗೆ 3 ವರ್ಷ ಬಾಳಿಕೆ ಹಿಡಿದಿದ್ದೇನೆ.

ತೊಡಕು ಬೇರೆ ಕಡೆ. ಜೆಸಿಬಿ 4 ತಿಂಗಳು ಮದ್ದೂರಿನ ಸೈಟಿನಲ್ಲಿತ್ತು, 3 ತಿಂಗಳು ಪಾಂಡವಪುರದಲ್ಲಿ. ಉಳಿದ 5 ತಿಂಗಳು ಯಾರ್ಡಿನಲ್ಲಿ ಸುಮ್ನೆ ನಿಂತಿತ್ತು. ಗಾಡಿ ನಿಂತರೂ ಸವಕಳಿ ನಿಲ್ಲುವುದಿಲ್ಲ, ಅದು ಗೊತ್ತು. ಆದರೆ ಆ 5 ತಿಂಗಳ ಮೊತ್ತವನ್ನೂ ಎರಡು ಸೈಟುಗಳ ಮೇಲೆ ಹಂಚಿ ಅಂತ ಮಾಲೀಕರು ಹೇಳುತ್ತಿದ್ದಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ಎಎಸ್ 7 (ನಿರ್ಮಾಣ ಗುತ್ತಿಗೆಗಳ ಲೆಕ್ಕಕ್ಕೆ ಇರುವ ಅಕೌಂಟಿಂಗ್ ಸ್ಟ್ಯಾಂಡರ್ಡ್) ಪ್ರಕಾರ, ಗುತ್ತಿಗೆಗೆ ಬಳಸದೆ ನಿಂತ ಯಂತ್ರದ ಸವಕಳಿ ಆ ಗುತ್ತಿಗೆಯ ವೆಚ್ಚಕ್ಕೆ ಸೇರುವಂತಿಲ್ಲ, ಅಲ್ವಾ? ಸೇರಿಸಿದರೆ ಮದ್ದೂರಿನ ಕೆಲಸದ ಖರ್ಚು ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಮುಂದಿನ ಟೆಂಡರಿಗೆ ದರ ಹಾಕುವಾಗ ನಾವು ನೋಡುವುದು ಇದೇ ಲೆಕ್ಕವನ್ನು.

ಇನ್ನೊಂದು ಪ್ರಶ್ನೆ. ಸೈಟುಗಳ ನಡುವೆ ಹಂಚುವಾಗ ದಿನ ಎಣಿಸುತ್ತೀರಾ, ಲಾಗ್ ಬುಕ್ಕಿನ ಗಂಟೆ ಹಿಡಿಯುತ್ತೀರಾ? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ. ನೀವು ಬಳಸುವ ಶೀಟಿನ ಮಾದರಿ ಇದ್ದರೆ ಹಾಕಿ.