ಸಹಾಯ ಬೇಕು: ಅತ್ತೆಯವರು ತಲೆಯಾಡಿಸಿದ್ದು ಒಪ್ಪಿಗೆಯಲ್ಲ

ನಮಸ್ಕಾರ. ನಾವು ಅಮೆರಿಕದಲ್ಲಿದ್ದೇವೆ. ಜೊತೆಗಿರುವ ಅತ್ತೆಯವರಿಗೆ ರಕ್ತದೊತ್ತಡ. ವೈದ್ಯರು ಹೇಳಿದ್ದಕ್ಕೆಲ್ಲ ಅವರು ತಲೆಯಾಡಿಸಿದರು. ಡಾಕ್ಟರ ಎದುರು ಇಲ್ಲವೆನ್ನಬಾರದೆಂಬ ಮರ್ಯಾದೆ ಅದು, ಅಷ್ಟೇ. ತಲೆಸುತ್ತು ನಿಂತ ಮೇಲೆ ‘ಗುಣವಾಯಿತಲ್ಲ’ ಎಂದು ಮಾತ್ರೆ ಬಿಟ್ಟುಬಿಟ್ಟರು. ಈಗ ಅವರ ಕಡತದಲ್ಲಿ ‘ಸೂಚನೆ ಪಾಲಿಸದ ರೋಗಿ’ ಎಂದು ಬರೆದಿದ್ದಾರೆ. ಏಕೆ ಬಿಟ್ಟಿರಿ ಎಂದು ಒಬ್ಬರೂ ಕೇಳಲಿಲ್ಲ! ಕಾಯಿಲೆಯ ಬಗ್ಗೆ ರೋಗಿ ಏನೆಂದುಕೊಂಡಿದ್ದಾರೆ ಎಂದು ಅವರನ್ನೇ ಕೇಳಬೇಕೆಂದು ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1978ರಲ್ಲೇ ಬರೆದಿದ್ದರು.

ತಪ್ಪು ನಮ್ಮದೂ ಇದೆ. 13 ವರ್ಷದ ಮಗಳನ್ನು ದುಭಾಷಿಯಾಗಿ ಕೂರಿಸಿದ್ದೆವು. ‘ಪಾರ್ಶ್ವವಾಯು ಆಗಬಹುದು’ ಎಂದು ಅಜ್ಜಿಗೆ ಹೇಳಲು ಹೆದರಿ ಆ ಮಾತನ್ನೇ ನುಂಗಿಕೊಂಡಳಂತೆ, ಪಾಪ. 2010ರ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು ಎಂದು ಆಮೇಲೆ ತಿಳಿಯಿತು. ಕೇಳಿದಾಗ ಫೋನಿನಲ್ಲಿ ಹಿಂದಿಯವರು ಬಂದರು. ಅತ್ತೆಯವರಿಗೆ ಹಿಂದಿ ಬಾರದು.

ಆಸ್ಪತ್ರೆಯಿಂದ ಕನ್ನಡ ದುಭಾಷಿಯನ್ನು ಪಡೆದವರು ಇಲ್ಲಿ ಯಾರಾದರೂ ಇದ್ದೀರಾ? ಎಷ್ಟು ದಿನ ಮೊದಲು ಹೇಳಬೇಕು? ಕಡತದ ಆ ಸಾಲನ್ನು ತಿದ್ದಿಸಲು ಅರ್ಜಿ ಕೊಟ್ಟವರಿದ್ದರೆ ಏನೆಂದು ಬರೆದಿರಿ, ದಯವಿಟ್ಟು ತಿಳಿಸಿ. ಮುಂದಿನ ಭೇಟಿ ಇದೇ ಗುರುವಾರ.