ಡಿಮರ್ ಅಂದ್ರೆ ಹಿಂಜರಿಯೋದಾ, ಆಕ್ಷೇಪ ಮಾಡೋದಾ?

ಹಾವೇರಿ_ಹುಡುಗ:
ನಮ್ಮಣ್ಣ ಸಣ್ಣ ಕಾಂಟ್ರಾಕ್ಟರ್, ರಸ್ತೆ ಕೆಲಸಕ್ಕೆ ಇಲಾಖೆಗೆ ಬ್ಯಾಂಕ್ ಗ್ಯಾರಂಟಿ (ಅಣ್ಣ ಮಾತು ತಪ್ಪಿದ್ರೆ ಬ್ಯಾಂಕೇ ದುಡ್ಡು ಕೊಡುತ್ತೆ ಅನ್ನೋ ಪತ್ರ) ಕೊಡ್ಬೇಕು, ಪತ್ರ ಪೂರ್ತಿ ಇಂಗ್ಲಿಷಲ್ಲಿದೆ, ಏನಿದೆ ಹೇಳೋ ಅಂತ ನನ್ ಕೈಗೆ ಕೊಟ್ಟ. ಎಲ್ಲಾ ಹೇಗೋ ಆಯ್ತು, 'ವಿದೌಟ್ ಎನಿ ಡಿಮರ್' (demur) ಅನ್ನೋ ಕಡೆ ಸಿಕ್ಕಾಕ್ಕೊಂಡೆ. ಡಿಕ್ಷನರೀಲಿ ಹಿಂಜರಿ ಅಂತಾನೂ ಇದೆ ಆಕ್ಷೇಪಿಸು ಅಂತಾನೂ ಇದೆ. ಹಿಂಜರಿಯೋನು ಬಾಯಿ ಬಿಡಲ್ಲ, ಆಕ್ಷೇಪ ಮಾಡೋನು ಸುಮ್ನಿರಲ್ಲ, ಎರಡೂ ಒಂದೇ ಪದ ಹೇಗಾಗುತ್ತೆ? ಫ್ರೆಂಡ್ ಒಬ್ಬ 'ನಾಚಿಕೆ ಇಲ್ಲದೆ' ಅಂತಾನೆ, ಅದಂತೂ ಸರಿ ಅನ್ನಿಸ್ತಿಲ್ಲ.

ಪದದ_ಬೇರು:
ನಿಮ್ಮ ಫ್ರೆಂಡ್ ಹೇಳ್ತಿರೋದು ಡಿಮ್ಯೂರ್, ಕೊನೇಲಿ 'ಇ' ಇರೋದು, 2024ರಲ್ಲಿ ರೀಲ್ಸ್ ತುಂಬಾ ಓಡಾಡ್ತಲ್ಲ ಅದು. ಅದರರ್ಥ ಸಂಕೋಚದ, ಗಂಭೀರ ನಡತೆಯ. ಡಿಮರ್ ಬೇರೆ. ಇದರ ಮೂಲ ಲ್ಯಾಟಿನ್ನಿನ 'ಮೋರಾ', ಅಂದ್ರೆ ತಡ. ಮೊರಟೋರಿಯಂ ಬಂದಿದ್ದೂ ಅಲ್ಲಿಂದಲೇ. ಮೊದಲು ಬರೀ ತಡ ಮಾಡೋದು ಅಂತಿತ್ತು, ಆಮೇಲೆ ತಡ ಯಾಕೆ ಅಂದ್ರೆ ಮನಸ್ಸಿಗೆ ಒಪ್ಪಿಲ್ಲ, ಹಾಗಾಗಿ ಆಕ್ಷೇಪ ಅನ್ನೋ ಅರ್ಥ ಬಂತು. ಆದ್ರೆ ಜಗಳದ ಆಕ್ಷೇಪ ಅಲ್ಲ ಇದು. ಮನೇಲಿ ಹಿರಿಯರು ಏನೋ ಹೇಳಿದಾಗ 'ಅದೂ... ಈಗ್ಲೇ ಬೇಕಾ' ಅಂತ ರಾಗ ಎಳೀತೀವಲ್ಲ, ಅದೇ ಡಿಮರ್. ನನಗಂತೂ ಬಹಳ ಇಷ್ಟದ ಪದ.

ರಿಟೈರ್ಡ್_ಬ್ಯಾಂಕಿನೋನು:
ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮಾತಿದೆ, 'ಚಕಾರ ಎತ್ತದೆ'. ಇಲಾಖೆ ದುಡ್ಡು ಕೇಳಿದ್ರೆ ಬ್ಯಾಂಕು ಚಕಾರ ಎತ್ತದೆ ಕೊಡ್ಬೇಕು. ಆದ್ರೆ ತಮ್ಮಾ, ಪದ ಬಿಡು, ಅಣ್ಣಂಗೆ ಅದರ ಪರಿಣಾಮ ತಿಳಿಸು. ಕೆಲಸದ ಬಗ್ಗೆ ಅವರಿಗೂ ಇಲಾಖೆಗೂ ತಕರಾರು ಇದ್ರೂ ಯಾರದ್ದು ಸರಿ ಅಂತ ಬ್ಯಾಂಕು ನೋಡೋ ಹಾಗಿಲ್ಲ, ಕೇಳಿದ ತಕ್ಷಣ ಕೊಟ್ಟು ಆಮೇಲೆ ಅಣ್ಣನ ಹತ್ರ ವಸೂಲಿ ಮಾಡುತ್ತೆ. ಕೋರ್ಟಿಗೆ ಹೋಗಿ ತಡೆ ತರೋದೂ ಬಹಳ ಕಷ್ಟ, ದೊಡ್ಡ ಮೋಸ ಅಥವಾ ಸರಿಪಡಿಸಲಾಗದ ಅನ್ಯಾಯ ಇದೆ ಅಂತ ತೋರಿಸ್ಬೇಕು.

ಹಾವೇರಿ_ಹುಡುಗ:
ಸರ್ ಇದು ನಮಗೆ ಗೊತ್ತೇ ಇರ್ಲಿಲ್ಲ, ಬ್ಯಾಂಕಿನೋರು ಮೊದ್ಲು ನನ್ನ ಕೇಳಿಯೇ ಕೊಡ್ತಾರೆ ಅಂತ ಅಣ್ಣ ತಿಳ್ಕೊಂಡಿದ್ದ. ಡೆಮರೇಜ್ ಅಂತಾರಲ್ಲ ಅದೂ ಇದೇನಾ?

ಗೂಡ್ಸ್‌ಶೆಡ್:
ಹೌದು, ಅದೇ ಮನೆತನ. ರೈಲ್ವೆ ವ್ಯಾಗನ್ನಿಂದ ಮಾಲು ಇಳಿಸೋಕೆ ಕೊಟ್ಟ ಟೈಮ್ ಮೀರಿದ್ರೆ ಹಾಕೋ ಶುಲ್ಕ ಡೆಮರೇಜ್, ಇಳಿಸಿದ ಮಾಲನ್ನ ಅಲ್ಲೇ ಬಿಟ್ಟು ಟೈಮ್ ಮೀರಿದ್ರೆ ವಾರ್ಫೇಜ್. ಎರಡನ್ನೂ ಒಂದೇ ಅಂದ್ಕೊಂಡು ಎಷ್ಟೋ ಜನ ಬಿಲ್ ನೋಡಿ ಗಾಬರಿಯಾಗ್ತಾರೆ.

ಪದದ_ಬೇರು:
ಕೋರ್ಟಲ್ಲಿ ಡಿಮರರ್ ಅಂತಾನೂ ಇದೆ. ನೀ ಹೇಳಿದ್ದೆಲ್ಲಾ ನಿಜ ಅಂತಾನೇ ಇಟ್ಕೊಳೋಣ, ಆದ್ರೂ ನಿನ್ನ ಕೇಸ್ ಕಾನೂನಲ್ಲಿ ನಿಲ್ಲಲ್ಲ ಅನ್ನೋ ವಾದ. ಬರಿಯುವಾಗ ಒಂದು ನೆನಪಿರ್ಲಿ, ಡಿಮರ್ಡ್ ಅನ್ನೋದಕ್ಕೆ 'ಆರ್' ಎರಡು.

ಹಾವೇರಿ_ಹುಡುಗ:
'ಚಕಾರ ಎತ್ತದೆ' ಅಂತಾನೇ ಬರ್ದು ಅಣ್ಣನ ಮುಂದೆ ಓದ್ದೆ. ಮೊತ್ತ ಎಷ್ಟು, ಎಲ್ಲಿವರ್ಗೂ ಜಾರಿ ಇರುತ್ತೆ ಅಂತ ಈಗ ಮತ್ತೆ ಮೊದ್ಲಿಂದ ಓದಿಸ್ತಿದಾನೆ.