ಬರೆಗೆ ಬೆನ್ನು ಕೊಟ್ಟ ಅಡುಗೆಮನೆ

ಪುಟ್ಟೀ, ನಿನ್ನ ಮೆಸೇಜ್ ಬೆಳಿಗ್ಗೆ ಐದಕ್ಕೇ ನೋಡಿದೆ. ಟೈಪ್ ಮಾಡುವುದು ನನ್ನ ಕೈಲಿ ಆಗುವುದಿಲ್ಲ, ಕನ್ನಡಕ ಬೇರೆ ಎಲ್ಲಿಟ್ಟೆನೋ. ಅದಕ್ಕೆ ಬಾಯಲ್ಲೇ ಹೇಳುತ್ತೇನೆ. ಉದ್ದ ಆಯಿತು ಅಂತ ಅರ್ಧಕ್ಕೆ ನಿಲ್ಲಿಸಬೇಡ. ಉಳಿದವರೂ ಕೇಳಿ, ಬರೀ ಗುಡ್ ಮಾರ್ನಿಂಗ್ ಹೂವು ಕಳಿಸುವುದಕ್ಕೆ ಅಲ್ಲ ಈ ಗ್ರೂಪ್ ಇರುವುದು.

ನೀನು ಕೇಳಿದ್ದು ಇಷ್ಟೇ ಅಲ್ವಾ. ಮಡಿಕೇರಿಯ 30-40 ಸೈಟಿನಲ್ಲಿ ಇಂಜಿನಿಯರ್ ಹಿಂದುಗಡೆ ಗಡಿಯ ಪಕ್ಕ ಕಟ್ಟದೆ ಬಿಡುವ ಜಾಗ, ಅಂದರೆ 1 ಮೀಟರ್ ಸೆಟ್‌ಬ್ಯಾಕ್ ಬಿಟ್ಟು ಪ್ಲಾನ್ ಪಾಸ್ ಮಾಡಿಸಿದ್ದಾರೆ. ಈಗ ಮೇಸ್ತ್ರಿ ಹೇಳುತ್ತಾನೆ, ಅಕ್ಕಪಕ್ಕದವರೆಲ್ಲ ಗಡಿಗೇ ಗೋಡೆ ಎಬ್ಬಿಸಿದ್ದಾರೆ, ನಾವೂ ಅಡುಗೆಮನೆ ಎರಡಡಿ ಹಿಂದಕ್ಕೆ ತಳ್ಳೋಣ, ಏನಾದರೂ ಬಂದರೆ ದಂಡ ಕಟ್ಟಿದರಾಯಿತು ಅಂತ. ಸೋಮವಾರ ಪಾಯ ತೆಗೆಯುತ್ತಾರೆ, ತಳ್ಳಬಹುದಾ ದೊಡ್ಡಮಾವ ಅಂತ ಕೇಳಿದ್ದೀಯ.

ತಳ್ಳಬೇಡ. ಹಿಂದೆ ಇರುವುದು ಬರೆ, ಗುಡ್ಡ ಕಡಿದು ಬಿಟ್ಟ ಮಣ್ಣಿನ ನೇರ ಗೋಡೆ. ಬರೆಗೆ ಬೆನ್ನು ಕೊಟ್ಟು ಅಡುಗೆಮನೆ ಕಟ್ಟಬೇಡ.

ನಮ್ಮನೆ ಅಡುಗೆಮನೆ ಗೋಡೆ ನೋಡಿದ್ದೀಯಲ್ಲ, ಕ್ಯಾಲೆಂಡರ್ ನೇತು ಹಾಕಿರುವ ಗೋಡೆ. ಅದರ ಹಿಂದೆ ಏನಿದೆ ಅಂತ ನೀವು ಯಾರೂ ಕೇಳಿಲ್ಲ. ಬಿರುಕಿದೆ. ಕಿಟಕಿ ಮೂಲೆಯಿಂದ ನೆಲದ ತನಕ, ಓರೆಯಾಗಿ. ಎರಡು ಸಲ ಸಿಮೆಂಟ್ ಮೆತ್ತಿಸಿದೆ, ಎರಡು ಸಲವೂ ಬಾಯಿ ಬಿಟ್ಟಿತು. ಕೊನೆಗೆ ನಿಮ್ಮತ್ತೆ ದೊಡ್ಡ ಕ್ಯಾಲೆಂಡರ್ ತಂದು ಮುಚ್ಚಿದಳು.

1996ರಲ್ಲಿ ಕಟ್ಟಿದ ಮನೆ ಅದು. ಪ್ಲಾನಿನಲ್ಲಿ ಬರೆಗೂ ಮನೆಗೂ ಮಧ್ಯೆ 6 ಅಡಿ ಇತ್ತು. ಸೌದೆ ಒಲೆಗೆ ಜಾಗ ಸಾಲದು ಅಂತ ನಿಮ್ಮತ್ತೆ, ಸುಮ್ನೆ ಯಾಕೆ ಖಾಲಿ ಬಿಡ್ತೀರಿ ಅಂತ ಆಗಿನ ಮೇಸ್ತ್ರಿ. ನನಗೂ ಆಸೆ, ಸುಳ್ಳು ಯಾಕೆ ಹೇಳಲಿ. ಎರಡೂವರೆ ಅಡಿ ಬಿಟ್ಟು ಗೋಡೆ ಎಬ್ಬಿಸಿದೆವು. ಹಿಂದೆ ಬರೆ ಹನ್ನೆರಡು ಅಡಿ ಎತ್ತರ, ಕಡಿದು ನೇರ ಮಾಡಿದ್ದು. ಮೊದಲ ಮೂರು ಮಳೆಗಾಲ ಏನೂ ಆಗಲಿಲ್ಲ. ನೋಡಿದೆಯಾ ಅಂತ ನಾನೇ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ.

ನಾಲ್ಕನೇ ವರ್ಷ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಜೋರು ಮಳೆಯ ತಿಂಗಳಲ್ಲಿ, ಒಂಬತ್ತು ದಿನ ಬಿಡದೆ ಸುರಿದಿತ್ತು. ರಾತ್ರಿ ಹಲಸಿನಕಾಯಿ ಬಿದ್ದ ಹಾಗೆ ಒಂದು ಸದ್ದು. ಒಂದೇ ಸಲ. ಬೆಳಿಗ್ಗೆ ಕಾಫಿಗೆ ನೀರಿಡಲು ಹೋದ ನಿಮ್ಮತ್ತೆ ಇನ್ನೂ ಬೆಳಕಾಗಿಲ್ಲ ಅಂದುಕೊಂಡಳಂತೆ. ಬೆಳಕಾಗಿತ್ತು. ಕಿಟಕಿ ಪೂರ್ತಿ ಕೆಂಪು ಮಣ್ಣು ತುಂಬಿ ನಿಂತಿತ್ತು, ಸರಳಿನ ಸಂದಿಯಿಂದ ಸಿಂಕಿಗೆ ಇಳಿಯುತ್ತಿತ್ತು.

ಸರಿ, ಮಣ್ಣು ತೆಗೆಯಬೇಕಲ್ಲ. ಹೇಗೆ ತೆಗೆಯುವುದು? ಎರಡೂವರೆ ಅಡಿ ಸಂದಿ. ಗುದ್ದಲಿ ಎತ್ತಿದರೆ ಕಾವು ಗೋಡೆಗೆ ಬಡಿಯುತ್ತದೆ. ಇಬ್ಬರು ನಿಲ್ಲುವ ಹಾಗಿಲ್ಲ. ಕೈಗಾಡಿ ಒಳಗೆ ಹೋಗುವುದಿಲ್ಲ. ಕತ್ತಿಯಲ್ಲಿ ಕೆರೆದು, ಬಾಂಡ್ಲಿಗೆ ತುಂಬಿಸಿ, ಅಡುಗೆಮನೆ, ಹಾಲ್, ಜಗಲಿ ದಾಟಿ ಹೊರಗೆ ಸುರಿಯಬೇಕು. ಹನ್ನೊಂದು ದಿನ ಹೊತ್ತೆವು. ಹೊತ್ತಷ್ಟೂ ಮೇಲಿನಿಂದ ಇಳಿಯುತ್ತಿತ್ತು. 6 ಅಡಿ ಬಿಟ್ಟಿದ್ದರೆ ಬಹಳಷ್ಟು ಮಣ್ಣು ಅಲ್ಲೇ ಬಿದ್ದು ಅಲ್ಲೇ ಕೂರುತ್ತಿತ್ತು, ಗೋಡೆಗೆ ಇಷ್ಟು ಒತ್ತುತ್ತಿರಲಿಲ್ಲ.

ಪರಿಹಾರಕ್ಕೆ ಅರ್ಜಿ ಕೊಟ್ಟೆ. ಬಂದವರು ಒಳ್ಳೆಯ ಮನುಷ್ಯ, ಕಾಫಿ ಕುಡಿದರು. ಆಮೇಲೆ ಟೇಪ್ ಹಿಡಿದರು. ಪ್ಲಾನ್ ನೋಡಿದರು, ಮತ್ತೆ ಟೇಪ್ ನೋಡಿದರು. 'ಇದು ನಾವು ಪಾಸ್ ಮಾಡಿದ ಮನೆ ಅಲ್ಲವಲ್ಲ' ಅಂದರು. ಅಷ್ಟೇ. ಮುಂದೆ ನಾನೇನು ಹೇಳಲಿ?

ಈಗ ನಿನ್ನ ಲೆಕ್ಕ ನೋಡು. 1 ಮೀಟರ್ ಅಂದರೆ 3 ಅಡಿ 3 ಇಂಚು ಚಿಲ್ಲರೆ. ಮೇಸ್ತ್ರಿಗಳೆಲ್ಲ ಮೂರಡಿ ಅಂತಲೇ ಗುರುತು ಹಾಕುತ್ತಾರೆ, ಅಲ್ಲೇ ಮೂರಿಂಚು ಹೋಯಿತು. ಅದರಲ್ಲಿ ಎರಡಡಿ ತಳ್ಳಿದರೆ ಉಳಿಯುವುದು ಒಂದೇ ಅಡಿ. ಬೆಕ್ಕು ಹೋಗಬಹುದು. ನಿನಗೆ ಸಿಗುವುದು ಎಷ್ಟು? ಹತ್ತಡಿ ಅಗಲದ ಅಡುಗೆಮನೆಗೆ 20 ಚದರ ಅಡಿ. ಒಂದು ಮಂಚ ಹಾಕುವಷ್ಟು.

ದಂಡ ಕಟ್ಟಿದರಾಯಿತು ಅನ್ನುವುದು ಯಾವ ಕಾಲದ ಮಾತು? ನಿಯಮ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಸರ್ಕಾರದ ಅಕ್ರಮ ಸಕ್ರಮ ಯೋಜನೆ ಬರುತ್ತದೆ ಅಂತ ಎಷ್ಟು ಜನ ಕಟ್ಟಿ ಕೂತರು. ಅದು ಬಂದಾಗಲೂ 2013ರ ಅಕ್ಟೋಬರ್‌ಗೆ ಮೊದಲು ಕಟ್ಟಿದವಕ್ಕೆ ಮಾತ್ರ ಅಂದಿದ್ದರು. ವಾಸದ ಮನೆಯಾದರೆ ಸೆಟ್‌ಬ್ಯಾಕಿನಲ್ಲಿ ಅರ್ಧದ ತನಕ, ಅಂಗಡಿಯಾದರೆ ಕಾಲುಭಾಗ. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ತಡೆ ಕೊಟ್ಟಿತು. ನಿನ್ನ ಮೇಸ್ತ್ರಿ ನುಂಗುವುದು ಅರ್ಧಕ್ಕಿಂತ ಜಾಸ್ತಿ. ಆ ಯೋಜನೆ ಇದ್ದಿದ್ದರೂ ನೀನು ಅದರೊಳಗೆ ಬರುತ್ತಿರಲಿಲ್ಲ.

ಪಕ್ಕದವರು ಗಡಿಗೆ ಕಟ್ಟಿದ್ದಾರೆ ಅಂತೀಯ. ಅವರ ಸೈಟಿನ ಹಿಂದೆ ಬರೆ ಇದೆಯಾ? ಇಲ್ಲ, ರಸ್ತೆ ಇದೆ. ನಾನು ಹೋದ ತಿಂಗಳು ವಾಕಿಂಗ್ ಹೋದಾಗ ನೋಡಿ ಬಂದಿದ್ದೇನೆ. ಇನ್ನೊಮ್ಮೆ ಹೇಳುತ್ತೇನೆ ಕೇಳು, ಬರೆಗೆ ಬೆನ್ನು ಕೊಟ್ಟು ಅಡುಗೆಮನೆ ಕಟ್ಟಬೇಡ. ಕೊಡಗಿನಲ್ಲಿ ಗುಡ್ಡ ಕುಸಿದ 2018ರ ಆಗಸ್ಟ್ ಮರೆತುಹೋಯಿತಾ? ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಎಲ್ಲ ಕಣ್ಣ ಮುಂದೆ ಇದೆ. ಆಮೇಲೆ ಬಂದ ಭೂವಿಜ್ಞಾನದವರೂ ಅದನ್ನೇ ಹೇಳಿದರು, ಇಳಿಜಾರು ಕಡಿದು ಮನೆ, ರಸ್ತೆ ಮಾಡಿದ್ದು ಒಂದು ದೊಡ್ಡ ಕಾರಣ ಅಂತ.

ನಾನು ಬರೆ ಪಕ್ಕ ಯಾಕೆ ಕಟ್ಟಬೇಕಾಯಿತು ಅಂತ ಯಾರಾದರೂ ಕೇಳಿದ್ದೀರಾ? ಪಾಲು ಮಾಡುವಾಗ ದೊಡ್ಡಣ್ಣನಿಗೆ ರಸ್ತೆ ಬದಿಯ ಸಮ ಜಾಗ. ನನಗೆ ಇಳಿಜಾರು. 'ನೀನು ಚಿಕ್ಕವನು, ನಿನಗೆ ಒಳ್ಳೆ ವ್ಯೂ ಸಿಗುತ್ತದೆ' ಅಂದ. ವ್ಯೂ! ಮನೆ ಕಟ್ಟಿದಂದಿನಿಂದ ಮಂಜು ನೋಡುತ್ತಿದ್ದೇನೆ. ಐನ್‌ಮನೆಯಲ್ಲಿ, ಇಡೀ ಕುಟುಂಬದ ಹಿರಿಮನೆಯಲ್ಲಿ, ಬೆಳೆದವರು ನಾವು, ನಮಗೆ ಗಡಿ ಅಂದರೆ ತೋಡು, ಅಂಗಳ ಅಂದರೆ ಒಂದು ಎಕರೆ. ಅಡಿ ಲೆಕ್ಕದಲ್ಲಿ ಬದುಕುವುದು ಕಲಿತದ್ದು ಆ ಪಾಲಿನ ಆಮೇಲೆ. ಆ ಹನ್ನೊಂದು ದಿನ ಮಣ್ಣು ಹೊರಲು ಬಂದವರು ಯಾರು? ಮೂರ್ನಾಡಿನ ಚಿಕ್ಕತ್ತೆಯ ಗಂಡ ಒಬ್ಬರು, ಅವರಿಗೂ ಆಗಲೇ ಬೆನ್ನುನೋವು. ಉಳಿದವರೆಲ್ಲ ಸುಗ್ಗಿ ಹಬ್ಬ ಹುತ್ತರಿಗೆ ಬಂದರು, ಕದಿರು ಹಿಡಿದುಕೊಂಡು, ಕಡುಬು ತಿಂದರು, ಎಷ್ಟು ಒಳ್ಳೆ ಗಾಳಿ ಇಲ್ಲಿ ಅಂತ ಹೇಳಿ ಹೋದರು. ಈ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ದೊಡ್ಡಣ್ಣ ಹೋಗಿ ಆರು ವರ್ಷ ಆಯಿತು, ಈಗ ಹೇಳಿ ಏನು ಪ್ರಯೋಜನ ಅಂತ ನಿಮ್ಮತ್ತೆ ಇಲ್ಲಿಂದ ಕಣ್ಣು ಬಿಡುತ್ತಿದ್ದಾಳೆ.

ಹಾಂ, ಏನೋ ಹೇಳಲು ಹೊರಟಿದ್ದೆ. ಸೋಮವಾರ.

ಸೋಮವಾರ ಪಾಯ ತೆಗೆಯುವ ಮೊದಲು ಪಾಸ್ ಆದ ಪ್ಲಾನ್ ಕೈಯಲ್ಲಿ ಇಟ್ಟುಕೋ. ಫೋನಿನಲ್ಲಿ ಬೇಡ, ಸೀಲ್ ಇರುವ ಕಾಗದ. ಸೈಟಿನ ನಾಲ್ಕು ಮೂಲೆ ಕಲ್ಲು ಮೊದಲು ಹುಡುಕಿಸು. ಕಾಂಪೌಂಡಿನಿಂದ ಅಳೆಯಬೇಡ, ಕಾಂಪೌಂಡ್ ಅರ್ಧ ಅಡಿ ಆಚೀಚೆ ಇರುತ್ತದೆ. ಕಲ್ಲಿನಿಂದ ಕಲ್ಲಿಗೆ ದಾರ ಕಟ್ಟಿಸಿ, ಅಲ್ಲಿಂದ ಗೋಡೆಯ ಹೊರಮೈ ತನಕ ಅಳೆಯಬೇಕು. ಪ್ಲಾಸ್ಟರ್ ದಪ್ಪವೂ ಸೇರಿಸಿ. ಸುಣ್ಣದ ಗೆರೆ ಎಳೆಸು, ಫೋಟೋ ತೆಗೆದಿಡು. ಸಜ್ಜಾ, ಸೂರು ಎಷ್ಟು ಹೊರಗೆ ಬರುತ್ತದೆ ಅಂತಲೂ ಕೇಳು. ನಮ್ಮ ಮಳೆಗೆ ಸೂರು ಉದ್ದ ಬೇಕೇ ಬೇಕು, ಆದರೆ ಅದರ ನೀರು ಪಕ್ಕದವರ ಜಾಗಕ್ಕೆ ಬಿದ್ದರೆ ಅದೊಂದು ಬೇರೆ ಜಗಳ.

ಮತ್ತೆ, ಮೇಲೆ ಮಹಡಿ ಎಬ್ಬಿಸುವ ಯೋಚನೆ ಇದ್ದರೆ ಈಗಲೇ ಇಂಜಿನಿಯರ್ ಹತ್ತಿರ ಹೇಳು. ಸೆಟ್‌ಬ್ಯಾಕ್ ಸೈಟಿನ ಅಳತೆ ಮೇಲೆ ಮಾತ್ರ ಅಲ್ಲ, ಕಟ್ಟಡದ ಎತ್ತರದ ಮೇಲೂ ಹೋಗುತ್ತದೆ. ಎತ್ತರ ಜಾಸ್ತಿ ಆದರೆ ಸುತ್ತ ಬಿಡುವುದೂ ಜಾಸ್ತಿ. ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ವಲಯ ನಿಯಮಾವಳಿ ಅಂತ ಇರುತ್ತದೆ, ಎಷ್ಟು ಜಾಗ ಬಿಡಬೇಕು ಅನ್ನುವ ಅದರ ಪಟ್ಟಿಯಲ್ಲಿ ನಿನ್ನ ಸೈಟಿಗೆ ಯಾವ ಸಾಲು ಅಂತ ತೋರಿಸಿ ಅಂತ ಇಂಜಿನಿಯರನ್ನೇ ಕೇಳು. ಹಾಕತ್ತೂರಿನಲ್ಲಿ ಕಟ್ಟುವ ನಿನ್ನ ತಮ್ಮನಿಗೂ ಹೇಳು, ಹಳ್ಳಿ ಅಂತ ಬಿಟ್ಟುಬಿಡುವ ಹಾಗಿಲ್ಲ, ಅಲ್ಲಿ ಪಂಚಾಯಿತಿಯ ಪರವಾನಗಿ ಬೇಕು.

1 ಮೀಟರ್ ಕಾನೂನಿಗೆ ಸಾಕು. ಬರೆಗೆ ಸಾಲದು. ನಿನ್ನ ಅಡುಗೆಮನೆಯನ್ನು ಮುಂದಕ್ಕೆ ತಂದು, ಆ ಹಾಲ್ ಇದೆಯಲ್ಲ, ಅದನ್ನು ಎರಡಡಿ ಕಮ್ಮಿ ಮಾಡು. ಅಷ್ಟು ದೊಡ್ಡ ಹಾಲಿನಲ್ಲಿ ಯಾರು ಕುಣಿಯುತ್ತಾರೆ? ಪ್ಲಾನ್ ಬದಲಾಯಿತು ಅಂದರೆ ಅದನ್ನೂ ಪಾಸ್ ಮಾಡಿಸು. ಬರೆ ಬುಡದಲ್ಲಿ ಚರಂಡಿ, ತಡೆಗೋಡೆ ಕಟ್ಟಿಸಿದರೆ ಅದರಲ್ಲಿ ನೀರು ಹೊರಬರಲು ತೂತು, ಇದನ್ನು ಮಾತ್ರ ಮರೆಯಬೇಡ.

ಭಾನುವಾರ ಸಂಜೆ ನಾನೇ ಬರುತ್ತೇನೆ, ಮೇಸ್ತ್ರಿ ಇರುವ ಹಾಗೆ ಮಾಡು. ನನ್ನ ನೂರಡಿ ಟೇಪ್ ಯಾರ ಹತ್ತಿರ ಇದೆ? ಮದುವೆ ಪೆಂಡಾಲಿಗೆ ಅಂತ ತೆಗೆದುಕೊಂಡು ಹೋದವರು ಇನ್ನೂ ತಂದುಕೊಟ್ಟಿಲ್ಲ.